ಕೊನೆಯ ಹಾಳೆ ಇಲ್ಲದ ಕಥೆ

ಹರಿಹರದ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ವಾಮದೇವಪ್ಪ ಮೇಷ್ಟರಿಗೆ ದೇವರು ಕೊಟ್ಟ ದೊಡ್ಡ ಆಸ್ತಿಯೆಂದರೆ ಅವರ ದನಿ. ಅವರು ಏಳನೇ ತರಗತಿಯ ಕಿಟಕಿ ತೆರೆದು ಪದ್ಯ ಓದಲು ಶುರು ಮಾಡಿದರೆ, ಬಟ್ಟೆಯ ಗಂಟು ಹೊತ್ತು ಹೊಳೆಗೆ ಹೊರಟ ಹೆಂಗಸರು ಗೋಡೆಯಾಚೆ ನಿಂತುಬಿಡುತ್ತಿದ್ದರು. ದೇವಸ್ಥಾನದ ಕಡೆ ಹೊರಟ ಮುದುಕರು ಕೋಲು ಊರಿ ಕಿವಿ ಕೊಡುತ್ತಿದ್ದರು. ಮೇಷ್ಟರ ಮನೆ ದಾವಣಗೆರೆಯಲ್ಲಿ, ಮಂಡಿಪೇಟೆಯ ಹಿಂದೆ. ಹನ್ನೆರಡು ವರ್ಷದಿಂದ ದಿನಾ ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿ ಹರಿಹರಕ್ಕೆ ಬಂದು, ಸಂಜೆ ವಾಪಸು ಹೋಗುತ್ತಿದ್ದರು. ರೈಲಿನಲ್ಲೂ ನಾಲ್ಕು ಜನ ಸುತ್ತ ಸೇರಿ "ಒಂದು ಪದ್ಯ ಆಗ್ಲಿ ಮೇಷ್ಟ್ರೇ" ಅನ್ನುತ್ತಿದ್ದರು.

ಓದಿನ ಪೀರಿಯಡ್ಡಿನಲ್ಲಿ ಅವರ ಪದ್ಧತಿ ಸರಳ. ಮೊದಲು ತಾವೇ ಪಾಠವನ್ನು ಪೂರ್ತಿ ಓದುವರು. ಮಕ್ಕಳು ಮೈಮರೆತು ಕೇಳುವರು. ಆಮೇಲೆ ಒಬ್ಬೊಬ್ಬರೇ ಎದ್ದು ಓದಬೇಕು. ಮಕ್ಕಳ ಸರದಿ ಬಂದ ಕೂಡಲೇ ಪಾಠದ ಜೀವ ಹೋಗಿ ಅದು ಮಗ್ಗಿಯಾಗಿಬಿಡುತ್ತಿತ್ತು. ಒಂದೇ ರಾಗ, ಒಂದೇ ಓಟ. ಎಲ್ಲರಿಗಿಂತ ವೇಗವಾಗಿ ಓದುತ್ತಿದ್ದವನು ಕರಿಬಸವರಾಜ, ಪೇಟೆಯ ಜವಳಿ ವ್ಯಾಪಾರಿಯ ಮಗ. ಅವನು ಓದಿ ಮುಗಿಸಿದರೆ ಮೇಷ್ಟರು "ಭಲೇ" ಅನ್ನುವರು. ಎಲ್ಲರಿಗಿಂತ ಹಿಂದೆ ಉಳಿದವಳು ಉಡಚಮ್ಮ. ಕಡರನಾಯಕನಹಳ್ಳಿಯ ರೈತ ಉಚ್ಚೆಂಗಪ್ಪನ ಮಗಳು. ಹರಿಹರದಲ್ಲಿ ಸೋದರಮಾವನ ಮನೆಯಲ್ಲಿ ಇದ್ದುಕೊಂಡು ಶಾಲೆಗೆ ಬರುತ್ತಿದ್ದಳು. ಅಕ್ಷರ ಬಾರದವಳಲ್ಲ. ಆದರೆ ಎದ್ದು ನಿಂತರೆ ಬಾಯಿ ಬಿಡುತ್ತಿರಲಿಲ್ಲ. ಮೇಷ್ಟರ ತುಂಬಿದ ದನಿ ಕೇಳಿದ ಕಿವಿಗಳ ಮುಂದೆ ತನ್ನ ಸಣ್ಣ ದನಿಯನ್ನು ಹೇಗೆ ತೆಗೆಯುವುದೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಒಂದು ಸಲ ಮೇಷ್ಟರು ಸಿಟ್ಟಾಗಿ, "ಓದೋತನಕ ಕೂಡ್ರಬ್ಯಾಡ" ಎಂದು ಇಡೀ ಪೀರಿಯಡ್ಡು ನಿಲ್ಲಿಸಿದ್ದರು. ಅವಳು ನಿಂತೇ ಇದ್ದಳು. ಓದಲಿಲ್ಲ.

ಸಾವಿರದ ಒಂಬೈನೂರ ಐವತ್ತೆಂಟರ ಕಾರ್ತಿಕದಲ್ಲಿ ದಾವಣಗೆರೆಯ ಒಂದು ಮಠದಲ್ಲಿ ತಿಂಗಳಿಡೀ ಪುರಾಣ ಓದುವ ಕೆಲಸ ಮೇಷ್ಟರ ಪಾಲಿಗೆ ಬಂತು. ಹಗಲು ಶಾಲೆ, ಸಂಜೆ ಪುರಾಣ. ಇಪ್ಪತ್ತೇಳನೆಯ ದಿನ, ತುಂಬಿದ ಸಭೆಯ ನಡುವೆ, ಅವರ ದನಿ ಹಳೆಯ ಬಟ್ಟೆ ಹರಿದಂತೆ ಪರ್ರೆಂದು ಹರಿಯಿತು. ಬಾಯಿ ಆಡುತ್ತಿತ್ತು, ದನಿ ಬರಲಿಲ್ಲ. ಮರುದಿನ ಡಾಕ್ಟರು ಗಂಟಲೊಳಗೆ ಬೆಳಕು ಬಿಟ್ಟು ನೋಡಿ, "ಸಂಕ್ರಾಂತಿ ದಾಟೋವರೆಗೂ ಒಂದು ಮಾತೂ ಆಡಬಾರದು. ಪಿಸುಮಾತೂ ಬ್ಯಾಡ. ಆಡಿದ್ರೆ ಮತ್ತೆ ದನಿ ಬರೋದು ನನ್ನ ಕೈಯಾಗಿಲ್ಲ" ಎಂದರು.

ಮೇಷ್ಟರು ಕೊರಳಿಗೆ ಮಫ್ಲರು ಸುತ್ತಿ, ಕೈಯಲ್ಲೊಂದು ಸಣ್ಣ ಸ್ಲೇಟು ಹಿಡಿದು ಮನೆಯಲ್ಲಿ ಕೂತರು. ಹೆಂಡತಿ ಅನ್ನಪೂರ್ಣಮ್ಮ ಮೊದಲ ಎರಡು ದಿನ ಅತ್ತಳು. ಮೂರನೆಯ ದಿನ ಕಷಾಯದ ಲೋಟ ಕೊಡುತ್ತಾ, "ಬ್ಯಾಸರ ಮಾಡ್ಕೋಬ್ಯಾಡ್ರಿ. ಇಪ್ಪತ್ತು ವರ್ಷದಾಗೆ ನಾನು ಹೇಳಿದ ಮಾತು ನೀವು ಕೊನೇತನಕ ಕೇಳಿದ್ದು ಈ ಮೂರು ದಿನಾನೇ" ಎಂದಳು. ಮೇಷ್ಟರು ಸದ್ದಿಲ್ಲದೆ ನಕ್ಕರು.

ಹೆಡ್‌ಮಾಸ್ತರ್ ಮುರುಗೇಶಪ್ಪನವರು ಒಳ್ಳೆಯವರು, ಗಾಬರಿಯ ಮನುಷ್ಯ. "ರಜಾ ತಗಂಡು ಮನ್ಯಾಗೆ ಕುಂತರೆ ನಿಮ್ಮ ತರಗತಿಗೆ ಯಾರನ್ನ ಕಳಿಸ್ಲಿ ವಾಮದೇವಪ್ಪ? ಬಂದು ಸುಮ್ನೆ ಕೂಡ್ರಿ. ಗದ್ದಲ ಆಗದಂಗೆ ನೋಡ್ಕಂಡ್ರೆ ಸಾಕು" ಎಂದು ಹೇಳಿ ಕಳಿಸಿದರು.

ಮಾರ್ಗಶಿರದ ಚಳಿ ಶುರುವಾಗಿತ್ತು. ಮೇಷ್ಟರು ರೈಲಿನ ಕಿಟಕಿಯ ಪಕ್ಕ ಕೂತರು. ಪದ್ಯ ಕೇಳುವ ಜನ ಈಗ ದೂರ ಕೂತಿದ್ದರು. ಹೊರಗೆ ಹತ್ತಿ ಹೊಲ, ಜೋಳದ ಹೊಲ, ಎಲ್ಲದರ ಮೇಲೂ ಹಾಲು ಚೆಲ್ಲಿದ ಹಾಗೆ ಮಂಜು. ಎಂಜಿನ್ನಿನ ಹೊಗೆ ಎಲ್ಲಿ ಮುಗಿಯುತ್ತದೆ, ಮಂಜು ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ. ಹನ್ನೆರಡು ವರ್ಷ ಈ ದಾರಿಯಲ್ಲಿ ಓಡಾಡಿಯೂ ತಾನು ಹೊರಗೆ ನೋಡಿರಲಿಲ್ಲವೆಂದು ಮೇಷ್ಟರಿಗೆ ಅವತ್ತು ಹೊಳೆಯಿತು. ದಾರಿಯುದ್ದಕ್ಕೂ ಮಾತಾಡಿದ್ದೇ ಆಗಿತ್ತು.

ತರಗತಿಗೆ ಹೋಗಿ ಬೋರ್ಡಿನ ಮೇಲೆ ಪಾಠದ ಹೆಸರು ಬರೆದು "ಓದಿರಿ" ಎಂದು ಬರೆದರು. ಮೂವತ್ತನಾಲ್ಕು ಮಕ್ಕಳು ಒಟ್ಟಿಗೆ ರಾಗ ತೆಗೆದರು. ಕೋಣೆ ಗುಂಯ್ ಎಂದಿತು. ಮೇಷ್ಟರು ಡಸ್ಟರಿನಿಂದ ಮೇಜು ಕುಟ್ಟಿ ನಿಲ್ಲಿಸಿದರು. ಬೋರ್ಡಿನ ಮೇಲೆ ಬರೆದರು: "ಬಾಯಲ್ಲಿ ಅಲ್ಲ. ಕಣ್ಣಲ್ಲಿ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

"ಬಾಯಿ ಬಿಡದೆ ಓದೋದು ಹೆಂಗೆ ಸಾರ್?" ಎಂದ ಕರಿಬಸವರಾಜ. "ಓದಿದ್ದು ನಿಮಗೆ ಗೊತ್ತಾಗೋದಾದ್ರೂ ಹೆಂಗೆ?"

ಮೇಷ್ಟರು ಅವನ ಪ್ರಶ್ನೆ ಸರಿಯಾಗಿದೆ ಎನ್ನುವಂತೆ ತಲೆಯಾಡಿಸಿ, ಒಂದು ಪುಟವನ್ನು ಬೆರಳಿನಿಂದ ತೋರಿಸಿ, ಕೂಡಲು ಸನ್ನೆ ಮಾಡಿದರು. ಐದು ನಿಮಿಷ ಬಿಟ್ಟು ಸ್ಲೇಟಿನ ಮೇಲೆ ಬರೆದು ಅವನಿಗೆ ತೋರಿಸಿದರು: "ಈ ಪುಟದಲ್ಲಿ ಏನಾಯಿತು?"

ಕರಿಬಸವರಾಜ ಎದ್ದ. ಬಾಯಿ ತೆರೆದ. ಪುಟದ ಮೊದಲ ಸಾಲನ್ನು ಬಾಯಿಪಾಠ ಹೇಳಿದ. ಮೇಷ್ಟರು ತಲೆ ಅಲ್ಲಾಡಿಸಿ ಸ್ಲೇಟನ್ನು ಮತ್ತೆ ತೋರಿಸಿದರು. ಹುಡುಗ ಎರಡನೆಯ ಸಾಲು ಹೇಳಿದ. ಮೂರನೆಯ ಸಲವೂ ಸ್ಲೇಟು ಮುಂದೆ ಬಂದಾಗ ಅವನ ಕಣ್ಣು ತುಂಬಿ ಬಂತು. ಏನಾಯಿತೆಂದು ಅವನಿಗೆ ಗೊತ್ತಿರಲಿಲ್ಲ. ಅದರೊಳಗೆ ಏನಾದರೂ ಆಗುತ್ತದೆ ಎಂಬುದೇ ಅವನಿಗೆ ಹೊಸ ಸುದ್ದಿ. ಮೇಷ್ಟರು ಇನ್ನೊಬ್ಬನನ್ನು ಎಬ್ಬಿಸಿದರು, ಮತ್ತೊಬ್ಬಳನ್ನು ಎಬ್ಬಿಸಿದರು. ಅದೇ ಕಥೆ. ಇಷ್ಟು ವರ್ಷ ಮಕ್ಕಳು ಕೇಳಿದ್ದು ತನ್ನ ದನಿಯನ್ನು. ಆ ದನಿ ನಿಂತ ಕಡೆ ಪುಸ್ತಕವೂ ಮುಚ್ಚಿಕೊಳ್ಳುತ್ತಿತ್ತು. ಮೇಷ್ಟರು ಕುರ್ಚಿಯಲ್ಲಿ ಕುಸಿದು ಕೂತರು.

ಗಂಟೆ ಹೊಡೆದು ಮಕ್ಕಳು ಎದ್ದಾಗ ಮೂಲೆಯಲ್ಲಿ ಉಡಚಮ್ಮ ಮಾತ್ರ ಎದ್ದಿರಲಿಲ್ಲ. ಬೆರಳು ಸಾಲಿನ ಮೇಲಿತ್ತು, ತುಟಿ ಸಣ್ಣಗೆ ಆಡುತ್ತಿತ್ತು. ಮೇಷ್ಟರು ಹತ್ತಿರ ಬಂದು ನಿಂತದ್ದನ್ನು ಅವಳು ನೋಡಲಿಲ್ಲ. ನೆರಳು ಪುಸ್ತಕದ ಮೇಲೆ ಬಿದ್ದಾಗ ಬೆಚ್ಚಿ ಎದ್ದು, "ಇನ್ನೊಂದು ಸ್ವಲ್ಪ ಐತೆ ಸಾರ್" ಎಂದಳು. ಮೇಷ್ಟರು ಸ್ಲೇಟಿನ ಮೇಲೆ ನಿಧಾನವಾಗಿ ಬರೆದರು: "ಅವತ್ತು ನಿನ್ನನ್ನು ನಿಲ್ಲಿಸಿದ್ದು ನನ್ನ ತಪ್ಪು."

ಅವಳು ಓದಿದಳು. ಬಾಗಿಲ ಕಡೆ ಒಮ್ಮೆ ನೋಡಿ, ಬೇರೆ ಯಾರೂ ಓದದ ಹಾಗೆ ಆ ಸಾಲನ್ನು ಅಂಗೈಯಿಂದ ಒರೆಸಿಬಿಟ್ಟಳು.

ಆ ಸಂಜೆ ದಾವಣಗೆರೆಯಲ್ಲಿ ಇಳಿದ ಮೇಷ್ಟರು ಮನೆಗೆ ಹೋಗದೆ ಜಮಾಲ್ ಸಾಬರ ರದ್ದಿ ಅಂಗಡಿಗೆ ಹೋದರು. ಪಠ್ಯಪುಸ್ತಕ ಮಕ್ಕಳಿಗೆ ಮಗ್ಗಿಯಾಗಿ ಹೋಗಿತ್ತು. ಶಾಲೆಯ ಬೀರುವಿನಲ್ಲಿ ಪುಸ್ತಕಗಳಿದ್ದವು, ಆದರೆ "ಹಾಳಾಗ್ತಾವೆ" ಎಂದು ಮುರುಗೇಶಪ್ಪನವರು ಅದರ ಬಾಗಿಲು ತೆರೆಯುತ್ತಿರಲಿಲ್ಲ. ಜಮಾಲ್ ಸಾಬರ ಅಂಗಡಿಗೆ ಊರಿನ ಹಳೆಯ ಕಾಗದವೆಲ್ಲ ಬರುತ್ತಿತ್ತು. ಅಲ್ಲಿಂದ ಮಂಡಕ್ಕಿ, ಮೆಣಸಿನಕಾಯಿ ಮಾರುವವರು ಪೊಟ್ಟಣ ಕಟ್ಟಲು ಒಯ್ಯುತ್ತಿದ್ದರು. ಹತ್ತಿ ಮಿಲ್ಲಿನ ಕಡೆಯಿಂದ ಹಾರಿ ಬಂದ ಅರಳೆಯ ಎಳೆಗಳು ಕಾಗದದ ಗುಡ್ಡಗಳ ಮೇಲೆ ಕೂತು, ಅಂಗಡಿ ಮೋಡದೊಳಗೆ ಇರುವಂತೆ ಕಾಣುತ್ತಿತ್ತು.

ಮೇಷ್ಟರು ಸ್ಲೇಟು ತೋರಿಸಿದರು: "ಮಕ್ಕಳ ಕಥೆ ಬೇಕು."

"ಅರೆ ಮೇಷ್ಟ್ರೇ, ಹರಿದದ್ದು ನಡೀತದೇನು?" ಎಂದರು ಜಮಾಲ್ ಸಾಬರು. "ಪೂರ್ತಿ ಪುಸ್ತಕ ನನ್ ಹತ್ರ ಯಾಕ ಬರ್ತದೆ? ತಲೆ ಇದ್ರೆ ಕಾಲಿಲ್ಲ, ಕಾಲಿದ್ರೆ ತಲೆ ಇಲ್ಲ. ಫಿಕರ್ ಇಲ್ಲ ಅಂದ್ರೆ ತಗಂಡು ಹೋಗ್ರಿ."

ಮೇಷ್ಟರು ಒಂದು ಗಂಟೆ ಕೂತು ಆರಿಸಿದರು. ಹಳೆಯ ಮಾಸಪತ್ರಿಕೆಗಳ ಬಿಡಿ ಹಾಳೆ, ಬೆನ್ನು ಕಿತ್ತ ಕಥೆ ಪುಸ್ತಕ, ಯಾರದೋ ಮನೆಯ ಮಕ್ಕಳು ಮೀಸೆ ಬರೆದ ರಾಣಿಯ ಚಿತ್ರ. ಒಂದು ಹೊರೆ ಕಟ್ಟಿಸಿಕೊಂಡು ಹೆಗಲಿಗೇರಿಸಿದರು. ಮನೆಯಲ್ಲಿ ಅನ್ನಪೂರ್ಣಮ್ಮ ಅಕ್ಕಿ ಗಂಜಿ ಕಾಯಿಸಿ ಕೊಟ್ಟಳು. ಹರಿದ ಅಂಚುಗಳಿಗೆ ಇಬ್ಬರೂ ಕಾಗದದ ಪಟ್ಟಿ ಅಂಟಿಸುತ್ತಾ ಕೂತರು.

ಮರುದಿನ ಮಕ್ಕಳಿಗೆ ಒಂದೊಂದು ಕಟ್ಟು ಸಿಕ್ಕಿತು. ಬೋರ್ಡಿನ ಮೇಲೆ ಇಷ್ಟೇ ಬರೆದಿತ್ತು: "ಪ್ರಶ್ನೆ ಇಲ್ಲ. ಪರೀಕ್ಷೆ ಇಲ್ಲ. ಬೇಸರವಾದರೆ ಬದಲಾಯಿಸಿಕೊಳ್ಳಿ."

ಮೊದಲ ಕೆಲವು ದಿನ ಸುಲಭವಾಗಿರಲಿಲ್ಲ. ಕೆಲವರು ಚಿತ್ರ ಮಾತ್ರ ನೋಡಿದರು. ಇಬ್ಬರು ಹಾಳೆಯಲ್ಲಿ ದೋಣಿ ಮಾಡಿದರು. ಒಬ್ಬ ನಿದ್ದೆ ಹೋದ, ಮೇಷ್ಟರು ಅವನನ್ನು ಎಬ್ಬಿಸಲಿಲ್ಲ. ಅವರೂ ತಮ್ಮ ಕುರ್ಚಿಯಲ್ಲಿ ಕೂತು ಓದುತ್ತಿದ್ದರು. ನಡುನಡುವೆ ಯಾರೋ ಪಕ್ಕದವನ ತೊಡೆ ತಿವಿದು "ಇಲ್ಲಿ ನೋಡೋ" ಎಂದು ಪಿಸುಗುಟ್ಟುವುದು ಕೇಳಿಸುತ್ತಿತ್ತು. ನಾಲ್ಕನೆಯ ದಿನವೋ ಐದನೆಯ ದಿನವೋ, ಬೆಳಗಿನ ಮಂಜು ಇನ್ನೂ ಕಿಟಕಿಯಲ್ಲಿ ನಿಂತಿದ್ದಾಗ, ಮೇಷ್ಟರಿಗೆ ವಿಚಿತ್ರವಾದ ಒಂದು ಸದ್ದು ಕೇಳಿಸಿತು. ಹಾಳೆ ತಿರುಗುವ ಸದ್ದು. ಒಂದು ಇಲ್ಲಿ, ಒಂದು ಅಲ್ಲಿ, ಮರದ ಎಲೆ ಒಂದೊಂದಾಗಿ ಉದುರುವ ಹಾಗೆ. ಅವರು ತಲೆ ಎತ್ತಿ ನೋಡಿದರು. ಮೂವತ್ತನಾಲ್ಕು ಮಕ್ಕಳು ಕಣ್ಣೆದುರಿಗೇ ಇದ್ದರು, ಆದರೆ ಒಬ್ಬರೂ ಅಲ್ಲಿರಲಿಲ್ಲ. ಎಲ್ಲರೂ ಎಲ್ಲೆಲ್ಲಿಗೋ ಹೋಗಿಬಿಟ್ಟಿದ್ದರು.

ಆ ಹೊರೆಯಲ್ಲಿ ಒಂದು ಕಥೆ ಎಲ್ಲರ ಕೈಯಲ್ಲೂ ಓಡಾಡತೊಡಗಿತು. ಮೊದಲ ಹಾಳೆ ಇಲ್ಲದ್ದರಿಂದ ಅದರ ಹೆಸರೇನೆಂದು ತಿಳಿಯದು, ಬರೆದವರು ಯಾರೆಂದೂ ತಿಳಿಯದು. ಚೆನ್ನಿ ಎಂಬ ಹುಡುಗಿ. ತಾಯಿಗೆ ಕಾಯಿಲೆ. ಆಚೆ ದಡದ ಊರಿನಿಂದ ಔಷಧಿ ತರಲು, ಯಾರಿಗೂ ಹೇಳದೆ, ನಸುಕಿನಲ್ಲಿ ಹರಿಗೋಲು ಬಿಚ್ಚಿಕೊಂಡು ಹೊರಡುತ್ತಾಳೆ. ಹೊಳೆಯ ಮೇಲೆ ಮಂಜು. ಹುಟ್ಟು ಕೈಜಾರಿ ನೀರಿಗೆ ಬೀಳುತ್ತದೆ. ಹರಿಗೋಲು ಬುಗುರಿಯಂತೆ ತಿರುಗುತ್ತದೆ. ಈಚೆ ದಡ ಯಾವುದು, ಆಚೆ ದಡ ಯಾವುದು ಅವಳಿಗೆ ತಿಳಿಯದು. ಆಗ ಮಂಜಿನೊಳಗಿಂದ ಯಾರೋ ಅವಳನ್ನು ಕೂಗುತ್ತಾರೆ, ಅವಳ ತಾಯಿ ಮಾತ್ರ ಕರೆಯುವ ಹೆಸರಿನಿಂದ. ಚೆನ್ನಿ ಎದ್ದು ನಿಲ್ಲುತ್ತಾಳೆ...

ಅಲ್ಲಿಗೆ ಹಾಳೆ ಹರಿದಿತ್ತು.

"ಮುಂದಿನದು ಎಲ್ಲಿ ಸಾರ್?" ಎಂದು ಮೊದಲು ಕೇಳಿದವನು ಕರಿಬಸವರಾಜ. ಅವನು ಕಟ್ಟುಗಳನ್ನೆಲ್ಲ ಹುಡುಕಿ ಬಂದಿದ್ದ. ಸ್ವಲ್ಪ ತಡೆದು, ತಪ್ಪೊಪ್ಪಿಕೊಳ್ಳುವಂತೆ ದನಿ ತಗ್ಗಿಸಿ ಹೇಳಿದ: "ನಾನು ಎರಡು ಸಲ ಓದಿದೆ ಸಾರ್. ಮೊದಲ್ನೇ ಸಲ ದಡಬಡ ಓದಿದೆ, ಏನೂ ಕಾಣ್ಲಿಲ್ಲ. ಎರಡ್ನೇ ಸಲ ಹೊಳೆ ಕಾಣ್ತು."

ಮೇಷ್ಟರಿಗೆ "ಭಲೇ" ಎನ್ನಬೇಕೆನಿಸಿತು. ದನಿ ಇಲ್ಲದ್ದರಿಂದ ಅವನ ಭುಜ ಹಿಡಿದು ಒಮ್ಮೆ ಅಲ್ಲಾಡಿಸಿದರು.

ಶಾಲೆಯ ಒಂದು ಮೂಲೆ ಹೀಗೆ ತಣ್ಣಗಾದದ್ದು ಮುರುಗೇಶಪ್ಪನವರ ಕಿವಿಗೆ ಬೀಳದೆ ಇರಲಿಲ್ಲ. ಗದ್ದಲವಾದರೆ ಅವರಿಗೆ ಗಾಬರಿ, ಗದ್ದಲವಿಲ್ಲದಿದ್ದರೆ ಇನ್ನೂ ಗಾಬರಿ. ಒಂದು ದಿನ ಮೆಲ್ಲಗೆ ಬಂದು ಬಾಗಿಲಲ್ಲಿ ಇಣುಕಿದರು.

"ಏನ್ರಿ ಇದು, ಸಾಲಿ ಅಂದ್ರೆ ಸದ್ದು ಬ್ಯಾಡೇನ್ರಿ? ರಸ್ತೇಲಿ ಹೋಗೋರು ಮಕ್ಕಳು ಮಲಗ್ಯಾವೆ ಅಂದ್ಕಂತಾರೆ" ಎಂದು ಒಳಗೆ ಬಂದು, ಸಾಕ್ಷಿಗೆ ಬೇಕೆಂಬಂತೆ ಒಂದು ಕಟ್ಟನ್ನು ಕೈಗೆತ್ತಿಕೊಂಡರು. ಅದು ಚೆನ್ನಿಯ ಕಥೆ. ನಿಂತುಕೊಂಡೇ ಒಂದು ಪುಟ ಓದಿದರು. ಆಮೇಲೆ ಖಾಲಿ ಬೆಂಚಿನ ತುದಿಯಲ್ಲಿ ಕೂತರು. ಕನ್ನಡಕ ಸರಿಮಾಡಿಕೊಂಡರು. ಜವಾನ ಸೂರಪ್ಪ ಬಾಗಿಲಿಗೆ ಬಂದು, "ಗಂಟೆ ಹೊಡೀಲಾ ಸ್ವಾಮಿ? ಹತ್ತು ನಿಮಿಷ ಹೆಚ್ಚಾತು" ಎಂದಾಗ ಅವರು ತಲೆ ಎತ್ತದೆ, "ತಡಿಯಪ್ಪ, ಆ ಹುಡುಗಿ ಹೊಳ್ಯಾಗ ಐತೆ" ಎಂದುಬಿಟ್ಟರು. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಮುರುಗೇಶಪ್ಪನವರೂ ನಾಚಿ ನಕ್ಕರು. ಆ ವಾರದಲ್ಲೇ ಬೀರುವಿನ ಬಾಗಿಲು ತೆರೆಯಿತು.

ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಬಾಗಿಲಲ್ಲಿ ಒಂದು ಎತ್ತಿನ ಗಾಡಿ ನಿಂತಿತ್ತು. ಪ್ರತಿ ಶನಿವಾರ ಮಗಳನ್ನು ಊರಿಗೆ ಕರೆದೊಯ್ಯಲು ಬರುವ ಉಚ್ಚೆಂಗಪ್ಪ ಅವತ್ತು ಗಾಡಿ ಇಳಿದು ನೇರ ಮೇಷ್ಟರ ಹತ್ತಿರ ಬಂದ. ಹುಡುಗಿ ಓದಿದ್ದು ಸಾಕು, ಬಿಡಿಸುತ್ತೇನೆ ಎನ್ನಲು ಬಂದಿರಬೇಕು ಎಂದುಕೊಂಡರು ಮೇಷ್ಟರು.

"ಮೇಷ್ಟ್ರೇ, ಒಂದು ಮಾತು ಕೇಳ್ಬೇಕಿತ್ರಿ" ಎಂದ ಉಚ್ಚೆಂಗಪ್ಪ, ರುಮಾಲು ಸರಿಮಾಡಿಕೊಳ್ಳುತ್ತಾ. "ಈ ಉಡಚಿ ಮೊದ್ಲು ಮನ್ಯಾಗೆ ಬಾಯಿ ಬಿಡ್ತಿರ್ಲಿಲ್ರಿ. ಈಗ ವಾರಾ ಬಂದು ಅವರಜ್ಜಿ ಮುಂದೆ ಕಥಿ ಹೇಳ್ತಾಳೆ. ಹೋದ ವಾರ ಯಾವುದೋ ಹುಡುಗಿನ್ನ ಹೊಳ್ಯಾಗೆ ಬಿಟ್ಟು ಬಂದಾಳಂತೆ. ನಮ್ಮವ್ವ ತಿಮ್ಮವ್ವ, ಎಪ್ಪತ್ತು ವರ್ಷದಾಕಿ, ವಾರದಿಂದ ಒಂದೇ ಸಮ ಕೇಳ್ತಾಳ್ರಿ. ಆ ಕೂಸು ದಡಕ್ಕೆ ಬಂತೋ ಇಲ್ಲೋ? ನಂಗೂ ಹೊಲದಾಗೆ ಅದೇ ಯೋಚನೆ ಆಗೈತೆ."

ಮೇಷ್ಟರು ಅವನನ್ನೇ ನೋಡಿದರು. ಸ್ಲೇಟಿನ ಮೇಲೆ ಬರೆದರು. ಉಚ್ಚೆಂಗಪ್ಪನಿಗೆ ಓದಲು ಬಾರದು. ಉಡಚಮ್ಮ ಮುಂದೆ ಬಂದು, ಗಂಟಲು ಸರಿಮಾಡಿಕೊಂಡು, ಅಪ್ಪನಿಗಾಗಿ ಗಟ್ಟಿಯಾಗಿ ಓದಿದಳು: "ಕೊನೆಯ ಹಾಳೆ ನನ್ನ ಹತ್ತಿರ ಇಲ್ಲ. ಹುಡುಕುತ್ತೇನೆ."

ಅದು ಅವಳು ಮೇಷ್ಟರ ಎದುರಿಗೆ ಬಾಯಿ ಬಿಟ್ಟು ಓದಿದ ಮೊದಲ ವಾಕ್ಯ. ಅವಳಿಗೆ ಅದರ ಅರಿವಿರಲಿಲ್ಲ. ಮೇಷ್ಟರಿಗಿತ್ತು.

ಜಮಾಲ್ ಸಾಬರಿಗೆ ವಿಷಯ ತಿಳಿದಾಗ ಅವರು ಗಡ್ಡ ನೀವಿಕೊಂಡರು. "ಆ ರದ್ದಿ ಬಂದಿದ್ದು ಒಂದೇ ಮನೆಯಿಂದ ಮೇಷ್ಟ್ರೇ. ಅರ್ಧ ನಿಮಗೆ ಕೊಟ್ಟೆ, ಅರ್ಧ ಮಂಡಕ್ಕಿ ಹುರಿಯೋ ಭಟ್ಟಿ ಕಡೆ ಹೋಗಿರ್ಬೇಕು. ಒಲೆಗೆ ಹೋಗಿಲ್ಲ ಅಂದ್ರೆ ಸಿಕ್ಕೇ ಸಿಗ್ತದೆ. ಮುದುಕಿ ಕಾಯ್ತಾ ಅದಾಳೆ ಅಂತೀರಿ, ನಾನು ಹೆಂಗೆ ಸುಮ್ನಿರ್ಲಿ?"

ಹಾಳೆ ಬರುವವರೆಗೆ ಮಕ್ಕಳು ಕಾಯಲಿಲ್ಲ. ತಾವೇ ಮುಂದಿನದನ್ನು ಮಾಡತೊಡಗಿದರು. ಊಟದ ಬಿಡುವಿನಲ್ಲಿ ಜಗಳ ಹತ್ತಿಕೊಂಡಿತು. ಕೂಗಿದ್ದು ದೆವ್ವ ಎಂದರು ಕೆಲವರು. ಮೊಸಳೆ ಎಂದ ಒಬ್ಬ. ಕೊನೆಗೆ ಒಂದು ಶನಿವಾರ ಬೆಳಗಿನ ಶಾಲೆಯನ್ನು ಮೇಷ್ಟರು ಹೊಳೆಯ ದಡಕ್ಕೇ ಒಯ್ದರು. ತುಂಗಭದ್ರೆ ಅವತ್ತು ಕಾಣುತ್ತಿರಲಿಲ್ಲ. ಮಂಜು ಮರಳಿನವರೆಗೆ ಬಂದು ನಿಂತಿತ್ತು. ಸೇತುವೆಯ ಕಮಾನುಗಳು ಎರಡು ಕಂಡು, ಮೂರನೆಯದು ಅರ್ಧ ಕಂಡು, ಮುಂದಿನವು ಇಲ್ಲವಾಗಿದ್ದವು. ಅದರ ಮೇಲೆ ಹೋಗುವ ಗಾಡಿಯ ಎತ್ತುಗಳ ಗೆಜ್ಜೆ ಆಕಾಶದಿಂದ ಕೇಳಿಬರುವಂತಿತ್ತು. ಮಕ್ಕಳು ಚಳಿಗೆ ಒತ್ತೊತ್ತಾಗಿ ಕೂತರು. ಒಬ್ಬೊಬ್ಬರೇ ತಮ್ಮ ತಮ್ಮ ಕೊನೆಯನ್ನು ಹೇಳಿದರು.

ಕರಿಬಸವರಾಜನ ಕಥೆಯಲ್ಲಿ ಚೆನ್ನಿ ಈಜಿ ಆಚೆ ದಡ ಸೇರಿ, ಔಷಧಿ ಹಿಡಿದು, ಸೇತುವೆಯ ಮೇಲೆ ರೈಲಿನಲ್ಲಿ ವಾಪಸು ಬಂದಳು. "ಕಥ್ಯಾಗೆ ಸೇತುವೆ ಇಲ್ಲಲೇ" ಎಂದು ಎಲ್ಲರೂ ಕೂಗಿದರು. "ಇದ್ರೆ ಹರಿಗೋಲ್ಯಾಕೆ ಬೇಕಿತ್ತು?" ಅವನು ತಲೆ ಕೆರೆದುಕೊಂಡು ಕೂತ.

ಕೊನೆಗೆ ಉಡಚಮ್ಮ, ಯಾರೂ ಹೇಳದೆಯೇ, ಮೊಣಕಾಲು ಅಪ್ಪಿಕೊಂಡು ಕೂತಲ್ಲಿಂದ ಮಾತಾಡಿದಳು. ನೀರಿನ ಕಡೆ ನೋಡುತ್ತಾ ಹೇಳಿದಳು.

"ನಂಗೆ ಅದು ಕನಸಿನಾಗೆ ಬಂದಿತ್ತು. ಕೂಗಿದ್ದು ಚೆನ್ನಿ ಅವ್ವ ಅಲ್ಲ. ಆಚೆ ದಡದಾಗೆ ಇನ್ನೊಂದು ಹುಡುಗಿ ಅದಾಳೆ. ಆ ಹುಡುಗಿ ಅವ್ವನೂ ಅವಳನ್ನ ಅದೇ ಹೆಸರಿಂದ ಕರೀತಾಳೆ. ಅವರಣ್ಣ ಅವಳನ್ನ ಹುಡುಕ್ತಾ ಕೂಗ್ತಾ ಇರ್ತಾನೆ. ಆ ದನಿ ಬಂದ ಕಡೆಗೆ ಚೆನ್ನಿ ಕೈಯಾಗೇ ನೀರು ತಳ್ಳಿಕ್ಯಂತ ಹೋಗ್ತಾಳೆ. ತನ್ನನ್ನ ಕೂಗಿದ್ದು ಅಲ್ಲ ಅಂತ ಅವಳಿಗೆ ಗೊತ್ತಿಲ್ಲ. ಗೊತ್ತಿದ್ರೆ ಹೋಗ್ತಿದ್ದಿಲ್ಲ. ದಡಕ್ಕೆ ಹೋಗಿ ನೋಡಿದ್ರೆ ಯಾರೋ ಬ್ಯಾರೆಯೋರು. ಆದ್ರೂ ಅವರು ಒಳಗೆ ಕರದು ಹಾಲು ಕೊಡ್ತಾರೆ."

ಮಂಜಿನಾಚೆ ಎಲ್ಲೋ ಒಬ್ಬ ಅಂಬಿಗ ತನ್ನ ಜೊತೆಯವನನ್ನು ಕೂಗಿದ. ಮೂವತ್ತನಾಲ್ಕು ಮಕ್ಕಳೂ ಒಟ್ಟಿಗೆ ಬೆಚ್ಚಿ ಆ ಕಡೆ ತಿರುಗಿದರು. ಮೇಷ್ಟರೂ ತಿರುಗಿದರು. ಒಂದು ಗಳಿಗೆ ಅವರಿಗೂ ಚೆನ್ನಿ ಅಲ್ಲೇ, ಆ ಬಿಳಿಯ ಒಳಗೆ, ಕೈಯಿಂದ ನೀರು ತಳ್ಳುತ್ತಾ ಬರುತ್ತಿದ್ದಾಳೆ ಎನಿಸಿತು.

ಸಂಕ್ರಾಂತಿಗೆ ಎರಡು ದಿನ ಮೊದಲು ಜಮಾಲ್ ಸಾಬರು ದಾವಣಗೆರೆ ಸ್ಟೇಷನ್ನಿಗೇ ಓಡಿ ಬಂದರು. ರೈಲು ಹೊರಡುವುದರಲ್ಲಿತ್ತು. ಕಿಟಕಿಯೊಳಗೆ ಕೈ ಹಾಕಿ, "ಸಿಕ್ತು! ಭಟ್ಟಿ ಸಿಕಂದರನ ಅಂಗಡ್ಯಾಗೆ, ಇನ್ನೇನು ಪೊಟ್ಟಣ ಆಗ್ತಿತ್ತು" ಎಂದು ಎಣ್ಣೆಯ ಕಲೆಯಾದ ಎರಡು ಹಾಳೆ ಕೊಟ್ಟರು. ಅದೇ ಅಕ್ಷರ, ಅದೇ ಕಾಗದ. ಹರಿದ ಅಂಚು ಅಂಚಿಗೆ ಕೂಡುತ್ತಿತ್ತು.

ಮೇಷ್ಟರು ರೈಲಿನಲ್ಲಿ ಓದಿದರು. ಚೆನ್ನಿ ಎದ್ದು ನಿಲ್ಲುತ್ತಾಳೆ. ಹರಿಗೋಲು ಮಗುಚುತ್ತದೆ. ಕಣ್ಣು ಬಿಟ್ಟು ನೋಡಿದರೆ ತನ್ನ ಮನೆಯ ಚಾಪೆಯ ಮೇಲೆ ಮಲಗಿದ್ದಾಳೆ. ಎಲ್ಲವೂ ಕನಸು. ತಾಯಿಗೆ ಕಾಯಿಲೆಯೇ ಇಲ್ಲ. ಹಿರಿಯರನ್ನು ಕೇಳದೆ ಹೊಳೆಯ ಹತ್ತಿರ ಹೋಗಬಾರದೆಂದು ಅವಳು ಕಲಿಯುತ್ತಾಳೆ. ಮುಗಿಯಿತು.

ಮೇಷ್ಟರು ಹಾಳೆಗಳನ್ನು ಮಡಿಚಿ ಜೇಬಿಗಿಟ್ಟರು. ಕೊಡದೆ ಇದ್ದುಬಿಡಲೇ? ಸಿಗಲಿಲ್ಲ ಎಂದು ಬರೆದರೆ ಮುಗಿಯಿತು. ಹೊಳೆಯ ದಡದಲ್ಲಿ ಕೇಳಿದ್ದು ಇದಕ್ಕಿಂತ ಎಷ್ಟೋ ಚೆಂದವಿತ್ತು. ಆದರೆ ಅವರು ಹುಡುಕುತ್ತೇನೆಂದು ಮಾತು ಕೊಟ್ಟಿದ್ದರು. ಓದುವವರಿಂದ ಹಾಳೆ ಬಚ್ಚಿಡಲು ನಾನು ಯಾರು ಎಂದೂ ಅನಿಸಿತು. ಹರಿಹರ ಬಂದಾಗ ಅವರ ಮನಸ್ಸು ಗಟ್ಟಿಯಾಗಿತ್ತು.

ತರಗತಿಯಲ್ಲಿ ಹಾಳೆಗಳನ್ನು ಮೇಜಿನ ಮೇಲಿಟ್ಟರು. ಮಕ್ಕಳು ಮುಗಿಬಿದ್ದರು. ತಲೆಗೆ ತಲೆ ತಾಗಿಸಿ ಓದಿದರು. ಓದಿ ಮುಗಿದದ್ದೇ ಒಮ್ಮೆಗೇ ಸಿಡಿದರು.

"ಇದು ಮೋಸ ಸಾರ್!"

"ಕನಸಾದ್ರೆ ನಾವು ಅಷ್ಟು ಹೆದರಿಕ್ಯಂಡಿದ್ದು ಯಾಕ?"

ಕರಿಬಸವರಾಜ ಎದ್ದು ನಿಂತ. ಮೊದಲೆಲ್ಲ ಅಚ್ಚಾದದ್ದನ್ನು ಕಣ್ಣು ಮುಚ್ಚಿ ಒಪ್ಪುತ್ತಿದ್ದ ಹುಡುಗ. "ಇದು ತಪ್ಪು ಐತೆ ಸಾರ್" ಎಂದ. "ಎರಡನೇ ಪುಟದಾಗೆ ಅವರವ್ವ ಕೆಮ್ಮಿದ್ದು ಚೆನ್ನಿಗೆ ಕೇಳಿ ಎಚ್ಚರ ಆಗುತ್ತೆ ಅಂತ ಐತೆ. ಎಚ್ಚರಾದ ಮೇಲೆ ಕನಸು ಹೆಂಗೆ ಬೀಳುತ್ತೆ? ಬರೆದೋರು ತಾವು ಮೊದಲು ಬರ್ದದ್ದನ್ನ ಮರ್ತಾರೆ." ಪುಟ ತೆರೆದು ಬೆರಳಿಟ್ಟು ತೋರಿಸಿದ. ನಿಜವಿತ್ತು. ಮೇಷ್ಟರೇ ಅದನ್ನು ಗಮನಿಸಿರಲಿಲ್ಲ.

ಮೇಷ್ಟರು ಉಡಚಮ್ಮನ ಕಡೆ ತಿರುಗಿ ಸ್ಲೇಟಿನಲ್ಲಿ ಬರೆದರು: "ಅಜ್ಜಿಗೆ ಯಾವುದನ್ನು ಹೇಳುತ್ತೀ?"

"ನಂದು ಆಗ್ಲೇ ಹೇಳೀನಿ ಸಾರ್" ಎಂದಳು ಉಡಚಮ್ಮ. "ಅಜ್ಜಿ ಅತ್ಲು. ಆಮೇಲೆ, ಹಾಲು ಕೊಟ್ಟೋರ ಹೊಟ್ಟಿ ತಣ್ಣಗಿರ್ಲಿ ಅಂದ್ಲು. ಈಗ ಇದನ್ನ ಹೇಳಿದ್ರೆ ಸಿಟ್ಟಾಗ್ತಾಳೆ. ಆದ್ರೂ ಹೇಳ್ತೀನಿ, ಅವಳೂ ಒಂದಿಷ್ಟು ಬೈಲಿ."

ಸಂಕ್ರಾಂತಿ ಕಳೆದು ಡಾಕ್ಟರು ಮಾತಾಡಲು ಬಿಟ್ಟರು. ಬಂದ ದನಿ ಹಳೆಯ ದನಿಯಾಗಿರಲಿಲ್ಲ. ತೆಳ್ಳಗೆ, ಸ್ವಲ್ಪ ಗೊಗ್ಗರಾಗಿ, ಒಂದು ಕೋಣೆಗೆ ಮಾತ್ರ ಸಾಲುವಷ್ಟಿತ್ತು. ಮಠದವರು ಮುಂದಿನ ಕಾರ್ತಿಕಕ್ಕೆ ಬೇರೆಯವರನ್ನು ಗೊತ್ತು ಮಾಡಿಕೊಂಡರು. ಅನ್ನಪೂರ್ಣಮ್ಮನಿಗೆ ಅದು ನೋವಾಯಿತು. ಮೇಷ್ಟರಿಗೂ ಕೆಲವು ಸಂಜೆ ಮಠದ ದಾರಿಯಲ್ಲಿ ಕಾಲು ತಡೆಯುತ್ತಿತ್ತು, ಇಲ್ಲವೆಂದಲ್ಲ. ತರಗತಿಯಲ್ಲಿ ಅವರು ಈಗ ಪಾಠದ ಮೊದಲ ಪುಟವನ್ನಷ್ಟೇ ಓದುತ್ತಿದ್ದರು. ಸರಿಯಾಗಿ ಏನಾದರೂ ಆಗಲಿರುವ ಜಾಗಕ್ಕೆ ಬಂದು ಪುಸ್ತಕ ಮಡಿಚಿ, "ಇನ್ನು ನೀವುಂಟು, ಪುಸ್ತಕ ಉಂಟು" ಎನ್ನುತ್ತಿದ್ದರು. ಮಾರ್ಚಿನ ಹೊತ್ತಿಗೆ ಮುರುಗೇಶಪ್ಪನವರ ಬೀರುವಿನ ಪುಸ್ತಕಗಳ ಮೂಲೆಗಳೆಲ್ಲ ಮಡಿಚಿಹೋಗಿದ್ದವು. ಅವರು ಅವನ್ನು ಕೈಯಲ್ಲಿ ತಿರುಗಿಸಿ ನೋಡಿ, "ಹಾಳಾದ್ವು" ಎಂದರು. ಆ ಮಾತಿನಲ್ಲಿ ದುಃಖವೇನೂ ಇರಲಿಲ್ಲ.

ಬೇಸಿಗೆ ರಜೆಯಲ್ಲಿ ಉಚ್ಚೆಂಗಪ್ಪ ಗಾಡಿ ಕಟ್ಟಿಕೊಂಡು ಬಂದು ಮೇಷ್ಟರನ್ನು ಊಟಕ್ಕೆಂದು ಕಡರನಾಯಕನಹಳ್ಳಿಗೆ ಕರೆದೊಯ್ದ. ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ಊಟವಾದ ಮೇಲೆ ಹಿತ್ತಲ ಬೇವಿನ ಮರದ ಕೆಳಗೆ ಚಾಪೆ ಹಾಸಿ, ತಿಮ್ಮವ್ವ ಮೇಷ್ಟರಿಗೆ ದಿಂಬು ಕೊಟ್ಟಳು.

"ಅಡ್ಡಾಗ್ರಿ ಮೇಷ್ಟ್ರೇ. ಉಡಚೀ, ಬಾ ಇಲ್ಲಿ, ನಿನ್ನೆ ಬಿಟ್ಟಲ್ಲಿಂದ ಹೇಳು" ಎಂದು ಮೊಮ್ಮಗಳನ್ನು ಕರೆದಳು.

ಉಡಚಮ್ಮ ಬೀರುವಿನಿಂದ ತಂದಿದ್ದ ಒಂದು ದಪ್ಪ ಪುಸ್ತಕ ತೆರೆದು ಕೂತಳು. ಮೇಷ್ಟರನ್ನು ಒಮ್ಮೆ ನೋಡಿದಳು. ಮೇಷ್ಟರು ಕಣ್ಣು ಮುಚ್ಚಿಕೊಂಡರು. ಅವಳು ಓದಲು ಶುರು ಮಾಡಿದಳು. ರಾಗವಿರಲಿಲ್ಲ. ಅಲ್ಲಲ್ಲಿ ಎಡವುತ್ತಿದ್ದಳು, ದೊಡ್ಡ ಪದ ಬಂದರೆ ನಿಂತು ಒಡೆದು ಓದುತ್ತಿದ್ದಳು. ಎಡವಿದಾಗ ತಿಮ್ಮವ್ವ, "ನಿಧಾನಕ್ಕೆ ಹೋಗವ್ವ, ಎಲ್ಲಿಗೂ ಓಡಿಹೋಗಲ್ಲ ಅದು" ಎನ್ನುತ್ತಿದ್ದಳು. ಉಚ್ಚೆಂಗಪ್ಪ ಎತ್ತಿಗೆ ಹುಲ್ಲು ಹಾಕುವುದನ್ನು ಬಿಟ್ಟು ಗೋಡೆಗೆ ಒರಗಿ ನಿಂತ.

ನಲವತ್ತಾರು ವರ್ಷದಲ್ಲಿ ತನಗೆ ಯಾರೂ ಕಥೆ ಓದಿ ಹೇಳಿರಲಿಲ್ಲ ಎಂಬುದು ಮೇಷ್ಟರಿಗೆ ನೆನಪಾಯಿತು. ಬೇವಿನ ಹೂವು ಎದೆಯ ಮೇಲೆ ಉದುರುತ್ತಿತ್ತು. ಯಾವುದೋ ಊರಿನ ಕೋಟೆಯ ಬಾಗಿಲು ತೆರೆಯಿತು, ಯಾರೋ ಕುದುರೆ ಇಳಿದರು, ಬಾವಿಯಲ್ಲಿ ಕೊಡ ಮುಳುಗಿದ ಸದ್ದು ಬಂತು. ಅದು ಪುಸ್ತಕದ ಬಾವಿಯೋ ಹಿತ್ತಲಿನ ಬಾವಿಯೋ ಅವರಿಗೆ ತಿಳಿಯಲಿಲ್ಲ.

"ಮೇಷ್ಟ್ರು ಮಲಗಿಬಿಟ್ರು ಅಜ್ಜಿ" ಎಂದಳು ಉಡಚಮ್ಮ, ಓದು ನಿಲ್ಲಿಸಿ.

"ಮಲಗ್ಲಿ ಬಿಡು" ಎಂದಳು ತಿಮ್ಮವ್ವ. "ನೀನು ಮುಂದಕ್ಕೆ ಓದು."